ಮೂವರ ಇಸ್ಪೀಟು, ನನ್ನ ಮುಖ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಬಾಯಿ ಸುಳ್ಳು ಹೇಳಿದರೂ ಮೈ ನಿಜ ಹೇಳಿಬಿಡುತ್ತದೆ ಎಂಬುದೇ ಅದರ ಅರ್ಥ. ಇಷ್ಟು ತಿಳಿಯುವುದಕ್ಕೆ ನಮ್ಮಜ್ಜಿಗೆ ಒಂದು ಕುಂಬಳಕಾಯಿ ಸಾಕಾಗಿತ್ತು. ನನ್ನ ಗಂಡನಿಗೆ ಮಾತ್ರ ಎರಡು ಇಂಗ್ಲಿಷ್ ಪುಸ್ತಕ, ಲೆಕ್ಕವಿಲ್ಲದಷ್ಟು ವಿಡಿಯೋ, ಜೊತೆಗೆ ಲಂಡನ್ನಿನ ಹೇಸ್‌ನ ನಮ್ಮ ಮನೆಯ ಮುಂದಿನ ಕೋಣೆ ಎರಡು ವರ್ಷ ಬೇಕಾಯಿತು. ಅದಕ್ಕೂ ನಾನು ಸಿಟ್ಟಾಗುತ್ತಿರಲಿಲ್ಲ. ಸಿಟ್ಟು ಬಂದದ್ದು, ಆ ಎರಡು ವರ್ಷವೂ ಅವರು ಓದುತ್ತಿದ್ದದ್ದು ಪುಸ್ತಕವನ್ನಲ್ಲ, ನನ್ನನ್ನು ಎಂದು ಗೊತ್ತಾದಾಗ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯಲ್ಲಿ ಪೋಕರ್ ನಡೆಯುತ್ತದೆ. ಆಡುವವರು ಮೂವರೇ. ಒಬ್ಬರು ನಮ್ಮವರು, ಧಾರವಾಡದವರು, ಏರ್‌ಪೋರ್ಟ್ ಪಕ್ಕದ ಗೋದಾಮೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಇನ್ನೊಬ್ಬರು ವಿಜಯಪುರದ ಬಸವರಾಜ, ಈಗ ಇರುವುದು ಎರಡು ರಸ್ತೆ ಆಚೆ. ಅವರು ಪಿಸುಗುಟ್ಟಿದರೂ ಪಕ್ಕದ ಮನೆಯ ನಾಯಿ ಎದ್ದು ಕೂರುತ್ತದೆ. ಮೂರನೆಯವನು ಉಡುಪಿ ಕಡೆಯ ಮೆಲ್ವಿನ್. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಹೌನ್ಸ್ಲೋದಿಂದ ಬಸ್ಸು ಹಿಡಿದು ಬರುತ್ತಾನೆ, ನನ್ನನ್ನು ಅಕ್ಕ ಎನ್ನುತ್ತಾನೆ. ದುಡ್ಡಿಟ್ಟು ಆಡುವುದಿಲ್ಲ ಎಂದು ಮೂವರ ಹೆಂಡಂದಿರಿಗೂ ಮಾತು ಕೊಟ್ಟಿರುವುದರಿಂದ ನನ್ನ ಅಡುಗೆಮನೆಯ ರಾಜ್ಮಾ ಕಾಳು ಇಟ್ಟು ಆಡುತ್ತಾರೆ. ಗೆದ್ದವರು ಯಾರೇ ಆಗಲಿ, ಸೋಮವಾರ ಅದನ್ನು ತೊಳೆದು ನೆನೆಹಾಕುವವಳು ನಾನು.

ಆಟ ದೊಡ್ಡದೇನಲ್ಲ. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಎಲೆ ಗುಟ್ಟಾಗಿ ಇರುತ್ತದೆ, ಮೇಜಿನ ಮೇಲೆ ಐದು ಎಲೆ ಎಲ್ಲರಿಗೂ ಕಾಣುವಂತೆ ಬೀಳುತ್ತದೆ. ಕೈಯಲ್ಲಿ ಕಸ ಇದ್ದರೂ ಚಕ್ರವರ್ತಿಯಂತೆ ಕಾಳು ಸುರಿದು ಉಳಿದವರನ್ನು ಹೆದರಿಸಿ ಓಡಿಸಬಹುದು; ಅದಕ್ಕೆ ಬ್ಲಫ್ ಎನ್ನುತ್ತಾರೆ. ಎದುರಿನವನು ಬ್ಲಫ್ ಮಾಡುತ್ತಿದ್ದಾನೋ ಇಲ್ಲವೋ ಎಂದು ಅವನ ಕೈ, ಕಣ್ಣು, ಕತ್ತು ನೋಡಿ ಹೇಳಬೇಕಂತೆ. ಹಾಗೆ ಮೈ ಬಿಟ್ಟುಕೊಡುವ ಗುಟ್ಟಿಗೆ ಟೆಲ್ ಎಂದು ಹೆಸರು. ನಮ್ಮವರು ಊಟದ ತಟ್ಟೆ ಮುಂದಿಟ್ಟುಕೊಂಡು ನನಗೆ ಇದರ ಪಾಠ ಮಾಡಿದ್ದಾರೆ. ಕೈ ನಡುಗಿದರೆ ಹೆದರಿಕೆಯಲ್ಲ, ಒಳ್ಳೆಯ ಎಲೆ ಬಂದಿದೆ ಎಂದರ್ಥವಂತೆ. ದುರುಗುಟ್ಟಿ ನೋಡುವವನ ಹತ್ತಿರ ಏನೂ ಇರುವುದಿಲ್ಲವಂತೆ. ನಾನು ಪಲ್ಯ ಬಡಿಸುತ್ತಾ ಹೂಂಗುಟ್ಟುತ್ತಿದ್ದೆ. ಇಷ್ಟು ಓದಿಕೊಂಡಿದ್ದರೂ ಮೂವರೂ ಎಲೆ ಹಿಡಿಯುವುದು ಮಾತ್ರ ಊರಿನ ರಮ್ಮಿಯ ಹಾಗೆ, ಬೀಸಣಿಗೆಯಂತೆ ಅಗಲಿಸಿ ಎದೆಯ ಮುಂದೆ. ಹಿಂದೆ ನಿಂತವರಿಗೆ ಎಲ್ಲ ಕಾಣುತ್ತದೆ.

ಹಿಂದೆ ನಿಲ್ಲುತ್ತಿದ್ದವಳು ನಾನೇ, ಚಹಾದ ಟ್ರೇ ಹಿಡಿದು. ನನ್ನ ಚಹಾದ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲಿಯ ಸೂಪರ್‌ಮಾರ್ಕೆಟ್ಟಿನ ಶುಂಠಿ ನನಗೆ ಆಗದು. ಇಂಡಿಯನ್ ಅಂಗಡಿಗಳಿರುವ ವೆಂಬ್ಲಿಯ ಈಲಿಂಗ್ ರೋಡಿಗೇ ಹೋಗಿ ಎಳೆಯದನ್ನು ಮುರಿದು ನೋಡಿ ತರುತ್ತೇನೆ. ಏಲಕ್ಕಿಯನ್ನು ಆಗಷ್ಟೇ ಕುಟ್ಟಿ ಹಾಕುತ್ತೇನೆ. ನಮ್ಮವರ ರಕ್ತದಲ್ಲಿ ಸಕ್ಕರೆ ಕೊಂಚ ಏರಿದೆ ಎಂದು ಡಾಕ್ಟರು ಹೇಳಿದಾಗಿನಿಂದ ಸಕ್ಕರೆ ನಿಲ್ಲಿಸಿದ್ದೇನೆ. ಸಿಹಿಗೆ ಎರಡು ಮಾತ್ರೆ, ಮತ್ತೆ ಕೆಂಪು ಮುಚ್ಚಳದ ಹಾಲು, ಅದೇ ಕೆನೆ ತೆಗೆದದ್ದು. ಶುಂಠಿ ಸರಿಯಾಗಿ ಬಿದ್ದರೆ ಉಳಿದದ್ದು ಯಾರಿಗೆ ಬೇಕು? ಹಾಗೆಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಒಂದು ಕಪ್ ಮುಗಿಯುವುದರೊಳಗೆ ಇನ್ನೊಂದಕ್ಕೆ ಕರೆ ಬರುತ್ತಿತ್ತು. ಒಂದು ಮಧ್ಯಾಹ್ನದಲ್ಲಿ ನಾಲ್ಕು ಸುತ್ತು ಆದದ್ದುಂಟು. ಹುಬ್ಬಳ್ಳಿಯ ತಂಗಿಗೆ ಫೋನಿನಲ್ಲಿ, ಲಂಡನ್ನಿಗೆ ಬಂದ ಮೇಲೆ ನನ್ನ ಕೈಗುಣ ಇನ್ನೂ ಸುಧಾರಿಸಿದೆ ನೋಡು ಎಂದು ಹೇಳಿಕೊಂಡಿದ್ದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನನ್ನ ಮುಖದ ಬಗ್ಗೆಯೂ ಹೇಳಬೇಕು. ನಾನು ಕೆಲಸ ಮಾಡುವುದು ಒಂದು ಜಿಪಿ ಸರ್ಜರಿಯ, ಅಂದರೆ ಇಲ್ಲಿಯ ಬಡಾವಣೆಯ ದವಾಖಾನೆಯ, ರಿಸೆಪ್ಷನ್ನಿನಲ್ಲಿ. ಇವತ್ತು ಡಾಕ್ಟರನ್ನು ನೋಡಲು ಸಮಯವಿಲ್ಲ ಎಂದು ನಾನು ಹೇಳಿದರೆ, ಮುದುಕಿಯರು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಹಾಗಾದರೆ ನಾಲ್ಕು ಗಂಟೆಯ ಮೇಲೆ ಒಂದು ಖಾಲಿ ಇದೆಯಲ್ಲವೇ ಎಂದು ಕೇಳುತ್ತಾರೆ. ಇರುತ್ತದೆ. ಮ್ಯಾನೇಜರಮ್ಮ ನನ್ನನ್ನು ಕೌಂಟರಿನಿಂದ ಎತ್ತಿ ಫೋನಿನ ಮುಂದೆ ಕೂರಿಸಿದರು. ನನ್ನ ದನಿ ಚೆನ್ನಾಗಿದೆ, ಅದಕ್ಕೆ ಎಂದರು. ಅದನ್ನೂ ನಂಬಿದೆ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅಮ್ಮಾ, ಯೂ ಹ್ಯಾವ್ ಎ ವೆರಿ ಲೌಡ್ ಫೇಸ್ ಎಂದು ಒಮ್ಮೆ ಹೇಳಿದ್ದಳು. ಗದರಿಸುವ ಮುಖ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ಗುಟ್ಟು ರಟ್ಟಾದದ್ದು ನನಗೆ ಕೆಮ್ಮು ಬಂದ ಶನಿವಾರ. ಆಡುವವರಿಗೆ ಅಂಟದಿರಲಿ ಎಂದು ಸರ್ಜರಿಯಿಂದ ತಂದ ಮಾಸ್ಕ್ ಹಾಕಿಕೊಂಡೇ ಚಹಾ ಕೊಟ್ಟೆ. ಅವತ್ತು ಆಟಕ್ಕೆ ಕಳೆಯೇ ಇರಲಿಲ್ಲ. ಮೂವರೂ ಕಾಳು ಮುಂದಿಡುವುದು, ನನ್ನತ್ತ ನೋಡುವುದು, ನಿಟ್ಟುಸಿರು ಬಿಡುವುದು. ಎರಡನೆಯ ಕಪ್ ಯಾರೂ ಕೇಳಲಿಲ್ಲ. ನಾನೇ ಹೋಗಿ, ಇನ್ನೊಂದು ಸುತ್ತು ಬೇಕೇನು ಎಂದೆ. ಆಗ ಮೆಲ್ವಿನ್ ತಡೆಯಲಾರದೆ, "ಅಕ್ಕ, ಇಲ್ಲಿ ನಾವೇ ಇರುವುದಲ್ವಾ? ಆ ಮಾಸ್ಕ್ ಒಂಚೂರು ತೆಗೀರಿ ಮಾರಾಯ್ರೆ, ಎಂತದೂ ಗೊತ್ತಾಗುವುದಿಲ್ಲ" ಎಂದ.

ಗೊತ್ತಾಗುವುದಿಲ್ಲ ಎಂದರೆ ಏನು ಎಂದು ನಾನು ಕೇಳುವ ಮೊದಲೇ ನಮ್ಮವರು ಎಲೆ ಕೆಳಗಿಟ್ಟು, "ಅಂದ್ರ ನೀನೂ ಅಕಿ ಮಾರಿ ನೋಡೇ ಆಡ್ತಿದ್ದಿ?" ಎಂದರು. ಬಸವರಾಜ ತಿರುಗಿ ನಮ್ಮವರನ್ನು ನೋಡಿ, "ನೀನೂ ಅಂದ್ರ?" ಎಂದರು. ಆ ಒಂದು 'ನೂ' ಎಲ್ಲವನ್ನೂ ಹೊರಗೆ ಹಾಕಿತು. ನಾನು ಯಾರ ಬೆನ್ನ ಹಿಂದೆ ನಿಲ್ಲುತ್ತೇನೋ ಅವನ ಎಲೆಯನ್ನು ಉಳಿದಿಬ್ಬರು ನನ್ನ ಮುಖದಲ್ಲಿ ನೋಡಿಕೊಳ್ಳುತ್ತಿದ್ದರು. ಎರಡು ರಾಜ ಕಂಡರೆ ಅಕ್ಕನ ಮಗ ಪರೀಕ್ಷೆ ಪಾಸಾದಷ್ಟು ಸಂತೋಷ ನನಗೆ. ಎರಡು, ಏಳರಂಥ ಕಸ ಬಂದಿದ್ದರೆ ಅಯ್ಯೋ ಪಾಪ ಎನ್ನುವ ಕನಿಕರ. ಮೂವರಲ್ಲಿ ಪ್ರತಿಯೊಬ್ಬರೂ ಇದು ತಮಗೊಬ್ಬರಿಗೇ ಗೊತ್ತಿರುವ ವಿದ್ಯೆ ಎಂದುಕೊಂಡಿದ್ದರು. ನಾನು ಇನ್ನೊಬ್ಬರ ಹಿಂದೆ ಬಂದು ನಿಲ್ಲಲಿ ಎಂದು ಇನ್ನೊಂದು ಕಪ್, ಇನ್ನೊಂದು ಕಪ್.

ಇಷ್ಟಾದ ಮೇಲೆ ನನ್ನ ಕ್ಷಮೆ ಕೇಳಬಹುದಿತ್ತು. ಇಲ್ಲ, ಮೂವರೂ ಒಬ್ಬರ ಮೇಲೊಬ್ಬರು ಹರಿಹಾಯ್ದರು. ಮೋಸ, ವಿಶ್ವಾಸಘಾತ, ಸ್ನೇಹಕ್ಕೆ ಬೆಲೆಯೇ ಇಲ್ಲವೇ ಎಂದೆಲ್ಲ ಬಸವರಾಜ ಕೂಗಾಡಿದರು. ಅವರು ಕಳೆದುಕೊಂಡದ್ದು ರಾಜ್ಮಾ ಕಾಳು, ಅದೂ ನನ್ನದು. ನಾನು ಕಳೆದುಕೊಂಡದ್ದರ ಬಗ್ಗೆ ಒಬ್ಬರಿಗೂ ಯೋಚನೆ ಬರಲಿಲ್ಲ. ಬೆರಳು ಜಜ್ಜಿಕೊಂಡು ಶುಂಠಿ ಕುಟ್ಟಿದವಳು ನಾನು. ಎರಡು ವರ್ಷದಲ್ಲಿ ಒಂದು ಕಪ್ಪನ್ನಾದರೂ ಚಹಾಕ್ಕಾಗಿ ಕುಡಿದಿದ್ದರೇ? ನನಗೆ ಬೇಕಾದದ್ದು ಇದೊಂದೇ ಉತ್ತರ. ಅವತ್ತು ಸಿಟ್ಟಿನಲ್ಲಿ ಕೇಳಿದ್ದರೆ ಹೊಗಳುತ್ತಿದ್ದರು, ಅದನ್ನು ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೊದಲು ಸೇಡಿನ ಯೋಚನೆ ಮಾಡಿದೆ. ಕೆಟ್ಟ ಎಲೆ ಕಂಡಾಗ ನಕ್ಕು, ಒಳ್ಳೆಯದು ಕಂಡಾಗ ಮುಖ ಸಪ್ಪಗೆ ಮಾಡಿದರೆ ಮೂವರೂ ಮಣ್ಣು ಮುಕ್ಕುತ್ತಾರೆ. ಬಚ್ಚಲಮನೆಯ ಕನ್ನಡಿಯ ಮುಂದೆ ನಾಲ್ಕು ದಿನ ಅಭ್ಯಾಸ ಮಾಡಿದೆ. ಸುಳ್ಳು ನಗು ತಂದುಕೊಂಡಾಗ ಹಲ್ಲುನೋವಿನವಳ ಹಾಗೆ ಕಾಣುತ್ತಿದ್ದೆ. ಆ ದಾರಿ ಬಿಟ್ಟು, ಮುಂದಿನ ಶನಿವಾರ ಮೆಂತ್ಯ ಸೊಪ್ಪಿನ ಕಟ್ಟು ತಂದುಕೊಂಡು ಮೇಜಿನ ಎದುರಿಗೇ ಕುರ್ಚಿ ಹಾಕಿ ಕೂತೆ. ಎಲೆ ನನಗೂ ಕಾಣದು, ಕಾಣುವುದು ಅವರ ಮುಖ ಮಾತ್ರ. ಅವರಿಗೆ ಅನುಮಾನ ಬಂದರೂ ಎದ್ದು ಹೋಗು ಎನ್ನುವ ಧೈರ್ಯ ಯಾರಿಗಿತ್ತು? ಸೊಪ್ಪು ಬಿಡಿಸುತ್ತಾ ಮೂರು ಶನಿವಾರ ನೋಡಿದೆ. ಪ್ರತಿ ಆಟದ ಕೊನೆಗೆ ಎಲೆ ತೆರೆದಾಗ ಯಾರು ಸುಳ್ಳು ಹೇಳಿದ್ದರು ಎಂದು ತಾಳೆ ನೋಡಿದೆ. ಪುಸ್ತಕ ಬೇಡ, ವಿಡಿಯೋ ಬೇಡ. ಬಸವರಾಜ ಬ್ಲಫ್ ಮಾಡುವಾಗ ಎಡಗೈಯಿಂದ ಕಿವಿಯ ಹಾಲೆ ಹಿಡಿದುಕೊಳ್ಳುತ್ತಾರೆ. ಮೆಲ್ವಿನ್ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ಕೂತವನಂತೆ ಬೆನ್ನು ನೆಟ್ಟಗೆ ಮಾಡುತ್ತಾನೆ. ನಮ್ಮವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಾರೆ. ಈ ಕನ್ನಡಕ ಒರೆಸುವುದನ್ನು ನಾನು ಇಪ್ಪತ್ತೊಂದು ವರ್ಷದಿಂದ ನೋಡುತ್ತಿದ್ದೇನೆ. ಹೊಸ ಸೀರೆಯ ಬಣ್ಣ ನಿನಗೆ ಒಪ್ಪುತ್ತದೆ ಎಂದಾಗ ಒರೆಸಿದ್ದರು. ನನ್ನ ತಂಗಿಯ ಮನೆಯವರೆಲ್ಲ ಬಂದು ಒಂದು ತಿಂಗಳು ಇರಲಿ, ಅದಕ್ಕೇನು ಎಂದಾಗಲೂ ಒರೆಸಿದ್ದರು. ಪಾಪ, ಕನ್ನಡಕ ಸ್ವಚ್ಛವಾಗಿ ಇಟ್ಟುಕೊಳ್ಳುವ ಮನುಷ್ಯ ಎಂದುಕೊಂಡಿದ್ದೆ.

ನಾಲ್ಕನೆಯ ಶನಿವಾರ ಮೂರು ಕಪ್ ಚಹಾ ತಂದು ಮೂವರ ಮುಂದೆ ಇಟ್ಟೆ. ಟ್ರೇ ಎದೆಗೆ ಅವಚಿಕೊಂಡು ಎದುರಿಗೇ ನಿಂತು, "ಖರೇ ಹೇಳ್ರಿ, ನನ್ನ ಚಹಾ ಹೆಂಗ ಇರ್ತದ?" ಎಂದು ಕೇಳಿದೆ.

"ಭಾಳ ಛಲೋ ಇರ್ತದ್ರಿ ವೈನಿ" ಎಂದ ಬಸವರಾಜರ ಎಡಗೈ ಕಿವಿಗೆ ಹೋಯಿತು. ಮೆಲ್ವಿನ್ ಬೆನ್ನು ನೆಟ್ಟಗೆ ಮಾಡಿ, ಇಂಥ ಚಹಾ ಇಡೀ ಹೌನ್ಸ್ಲೋದಲ್ಲಿ ಇಲ್ಲ ಎಂದ. ನಾನು ನಮ್ಮವರ ಕಡೆ ತಿರುಗಿದೆ. ಅವರ ಕನ್ನಡಕ ಆಗಲೇ ಕೈಯಲ್ಲಿತ್ತು.

ಸಿಟ್ಟು ಬಂದಿತ್ತು, ಅದರ ಹಿಂದೆ ಅಳುವೂ ಇತ್ತು. ಆದರೂ ಮನೆಗೆ ಬಂದವರ ಮುಂದೆ ಸಣ್ಣವಳಾಗಬಾರದೆಂದು ಶಾಂತವಾಗಿ, "ಇರ್ಲಿ ಬಿಡ್ರಿ, ನನಗೇನೂ ಬ್ಯಾಸರಿಲ್ಲ" ಎಂದೆ.

ಮೂವರೂ ಒಟ್ಟಿಗೆ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಎಲೆಗಳನ್ನು ಮೇಜಿನ ಮೇಲೆ ಮಗುಚಿಟ್ಟು, ಕಪ್ ಎತ್ತಿ, ಉಸಿರು ಬಿಗಿಹಿಡಿದು ತಳದವರೆಗೆ ಕುಡಿದರು. ಬಸವರಾಜ ಎಡಗೈಯಲ್ಲಿ ಕಿವಿ ಹಿಡಿದುಕೊಂಡೇ ಬಲಗೈಯಿಂದ ಖಾಲಿ ಕಪ್ ಚಾಚಿ, ಇನ್ನೊಂದು ಕಪ್ ಬೇಕು ಎಂದರು. ನಾಚಿಕೆಯಿಲ್ಲದ ನಾನು ಸಂತೋಷದಿಂದ ತುಂಬಿಸಿಕೊಟ್ಟೆ.