ಒಂದೇ ಸೆನ್ಸರಿಗೆ ಮೂವರು ಪಾಲುದಾರರು

ಪ್ಯಾಟ್ರಿಶಿಯಾ ಬಾಯಿಯವರು ತಮ್ಮ ಬಸ್ಸಿಗೆ ಇನ್ನೊಂದು ಪೆಟ್ಟಿಗೆ ತಂದದ್ದೇ ಎಲ್ಲ ತಾಪತ್ರಯಕ್ಕೂ ಮೂಲ.

ಕಾರ್ಕಳ–ಉಡುಪಿ ಓಡುವ ಆ ಬಸ್ಸಿನದು ಗಾಳಿಯ ಬ್ರೇಕು. ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಎಷ್ಟಿದೆ ಎಂದು ತಿಳಿಸಲು ಹೆಬ್ಬೆರಳು ಗಾತ್ರದ ಒಂದು ಸೆನ್ಸರ್ ಇತ್ತು. ಅದರ ವೈರು ಮೊದಲು ಡ್ರೈವರನ ಮುಂದಿನ ಮೀಟರಿಗಷ್ಟೇ ಹೋಗುತ್ತಿತ್ತು. ಆಮೇಲೆ ಬಾಯಿಯವರ ಫೋನಿಗೆ ಸಂದೇಶ ಕಳಿಸುವ ಪೆಟ್ಟಿಗೆ ಬಂತು. ಈಗ, ಗಾಳಿ ಇಳಿದರೆ ಕಿರುಚುವ ಇನ್ನೊಂದು.

“ಮೂರಕ್ಕೂ ಬೇರೆ ಬೇರೆ ಸೆನ್ಸರ್ ಬೇಡವಾ ಲೆಸ್ಟರ್?” ಎಂದು ಬನ್ನಂಜೆಯ ತಮ್ಮ ಮನೆಯಂಗಳದಲ್ಲಿ ಬಾಯಿ ಕೇಳಿದ್ದರು.

“ಎಂತಕ್ಕೆ ಬಾಯಿ? ಟ್ಯಾಂಕಿಗೆ ಇನ್ನೆರಡು ತೂತು ಮಾಡಿದ್ರೆ ಗಾಳಿ ಸೋರಲಿಕ್ಕೆ ಇನ್ನೆರಡು ದಾರಿ. ಒಂದು ಪೇಪರನ್ನು ಇಡೀ ಮನೆ ಓದುವುದಿಲ್ವಾ? ಹಾಗೆ!”

ಕಾಪುವಿನಲ್ಲಿ ಇಪ್ಪತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡುತ್ತಿದ್ದ ಲೆಸ್ಟರನ ಮಾತಿಗೆ ಎದುರಾಡುವವರಿರಲಿಲ್ಲ. ಭಾನುವಾರ ಕೆಲಸ ಮುಗಿಸಿದ. ಸೋಮವಾರ ಬೆಳಿಗ್ಗೆ, ಎಲ್ಲ ಸರಿಯಾಗಿದೆಯೇ ನೋಡಲು ತಾನೇ ಕಾರ್ಕಳದಲ್ಲಿ ಬಸ್ಸು ಹತ್ತಿ ಡ್ರೈವರ್ ಯಂಕಪ್ಪನ ಪಕ್ಕ ನಿಂತ.

ಹಿರಿಯಡ್ಕ ಬರುವಷ್ಟರಲ್ಲಿ ಹೊಸ ಪೆಟ್ಟಿಗೆ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಮೀಟರಿನ ಮುಳ್ಳು ಕೆಂಪಿನ ಕಡೆ ಬಾಗಿತು. ಅದೇ ಹೊತ್ತಿಗೆ ಲೆಸ್ಟರನಿಗೆ ಬಾಯಿಯವರ ಫೋನು ಬಂತು: “ಬ್ರೇಕಿನ ಗಾಳಿ ಕಡಿಮೆ ಅಂತ ಮೆಸೇಜ್ ಮೇಲೆ ಮೆಸೇಜ್ ಬರ್ತಾ ಉಂಟು, ಎಂತ ಮಾರಾಯ ಅದು?”

ಯಂಕಪ್ಪ ಬಸ್ಸನ್ನು ಬದಿಗೆ ನಿಲ್ಲಿಸಿದ. ಮಣಿಪಾಲದ ಹಾಸ್ಟೆಲೊಂದರ ಅಡುಗೆಗೆ ದಿನವೂ ಇದೇ ಬಸ್ಸಿನಲ್ಲಿ ಹೋಗುವ ಕಾನ್ಸೆಪ್ಟಾ ಆಂಟಿ ಎದ್ದು ಮುಂದೆ ಬಂದರು. “ಮೂರು ಮಿಷನ್ ಒಂದೇ ಮಾತು ಹೇಳ್ತಾ ಉಂಟಲ್ವಾ ಮಗಾ? ಮೂರೂ ಸುಳ್ಳು ಹೇಳ್ತವಾ?”

ಲೆಸ್ಟರ್ ನಕ್ಕ. “ಮೂರಲ್ಲ ಆಂಟಿ. ಹೇಳುವುದು ಒಂದೇ ಸೆನ್ಸರ್. ಅದು ಹೇಳಿದ್ದನ್ನು ಮೂರು ಕೇಳಿ ಬೊಬ್ಬೆ ಹೊಡೆಯುವುದು. ಒಂದು ಬಾವಿಗೆ ಮೂರು ಪಂಪು ಇಟ್ಟ ಹಾಗೆ ಮೂರೂ ಒಂದೇ ವೈರಿನಿಂದ ಎಳೀತಾ ಉಂಟು, ಹಾಗಾಗಿ ಸಿಗ್ನಲ್ ಕುಗ್ಗಿದೆ. ಕಡಿಮೆಯಾದದ್ದು ಸಿಗ್ನಲ್, ಗಾಳಿಯಲ್ಲ.”

ಹೇಳಿದವನೇ ಎರಡು ಪೆಟ್ಟಿಗೆಗಳ ವೈರು ಕಿತ್ತ. ಕಿರುಚಾಟ ನಿಂತಿತು. ಮೀಟರಿನ ಮುಳ್ಳು ನಿಜಕ್ಕೂ ಸ್ವಲ್ಪ ಮೇಲೇರಿತು. “ನೋಡಿದ್ರಾ?” ಎಂದ. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಯಂಕಪ್ಪ ಮಾತ್ರ ಗೇರು ಹಾಕಲು ಹಿಂದೆಮುಂದೆ ನೋಡಿದ. “ಸರ, ನನಗ್ಯಾಕೋ ಬ್ರೇಕ್ ಪೆಡಲ್ ಸ್ವಲ್ಪ ಮೆತ್ತಗಾದಂಗ ಅನಸ್ತದರಿ.”

“ಅದು ನಿಮ್ಮ ಹೆದರಿಕೆ ಯಂಕಪ್ಪ. ನಡೀರಿ.”

ಬಸ್ಸು ಹೊರಟಿತು. ಪರ್ಕಳ ದಾಟುವಾಗ ಮುಳ್ಳು ಮತ್ತೆ ಇಳಿಯತೊಡಗಿತು. ಈಗ ವೈರಿಗೆ ಬೇರೆ ಪಾಲುದಾರರೇ ಇಲ್ಲ; ಇಳಿಯುತ್ತಿದ್ದದ್ದು ಗಾಳಿಯೇ. ಲೆಸ್ಟರ್ ಮೀಟರಿನತ್ತ ಬಗ್ಗಿದ. “ಯಂಕಪ್ಪ, ನಿಧಾನ” ಎಂದ. ಯಂಕಪ್ಪ ಆಗಲೇ ನಿಧಾನವಾಗಿದ್ದ. ಮಣಿಪಾಲದ ಟೈಗರ್ ಸರ್ಕಲಿನ ನಟ್ಟನಡುವೆ ಬಸ್ಸು ಧಡಕ್ಕನೆ ನಿಂತುಬಿಟ್ಟಿತು. ಗಾಳಿ ತೀರಾ ಇಳಿದರೆ ಚಕ್ರಗಳು ತಾವಾಗಿಯೇ ಬಿಗಿದುಕೊಳ್ಳುವ ಏರ್ಪಾಡು ಅದರಲ್ಲಿತ್ತು. ನಾಲ್ಕೂ ದಿಕ್ಕಿನ ವಾಹನಗಳು ಮದುವೆಯ ಬ್ಯಾಂಡಿನಂತೆ ಹಾರ್ನ್ ಬಾರಿಸಿದವು.

ಲೆಸ್ಟರ್ ಬಸ್ಸಿನಡಿ ತೂರಿದ. ಸೆನ್ಸರಿನ ಬುಡದಿಂದ ಬುಸ್ಸೆಂದು ಗಾಳಿ ಹೋಗುತ್ತಿತ್ತು. ನಿನ್ನೆ ಅದನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿದವನು ತಾನೇ. ವಾಷರ್ ಹಾಕಲು ಮರೆತಿದ್ದ. ಸಿಗ್ನಲ್ ಕುಗ್ಗಿದ್ದೂ ನಿಜ, ಗಾಳಿ ಸೋರಿದ್ದೂ ನಿಜ. ಮೂರೂ ಒಂದೇ ಕಡೆಯಿಂದ ಕೇಳಿದವು ಎಂದ ಮಾತ್ರಕ್ಕೆ ಕೇಳಿದ್ದು ಸುಳ್ಳಾಗಬೇಕಿಲ್ಲ ಎಂದು ಅವನಿಗೆ ಹೊಳೆದದ್ದು, ಬೆನ್ನಿಗೆ ಡಾಮರಿನ ಬಿಸಿ ತಾಗುತ್ತಿರುವಾಗ. ಸರ್ಕಲ್ ದಾಟಿದ್ದರೆ ಮುಂದಿದ್ದದ್ದು ಇಂದ್ರಾಳಿಯ ಇಳಿಜಾರು.

ಹೊರಬಂದಾಗ, ಮೆಸೇಜ್ ಕಂಡು ಬನ್ನಂಜೆಯಿಂದ ಹೊರಟಿದ್ದ ಪ್ಯಾಟ್ರಿಶಿಯಾ ಬಾಯಿ ರಿಕ್ಷಾದಿಂದ ಇಳಿಯುತ್ತಿದ್ದರು. ಕಣ್ಣು ತುಂಬಿತ್ತು. “ನೀನು ಕೂರಿಸಿದ ಪೆಟ್ಟಿಗೆಯೇ ಮೊದಲು ಹೇಳಿದ್ದು ಲೆಸ್ಟರ್! ನೀನು ಇಲ್ಲದಿದ್ರೆ ಇಷ್ಟು ಜನರ ಗತಿ ಎಂತ ಆಗ್ತಿತ್ತು?” ಪ್ರಯಾಣಿಕರೂ ತಲೆಯಾಡಿಸಿದರು.

ಸುಮ್ಮನಿದ್ದರೆ ಸಾಕಿತ್ತು. ಆದರೆ ಯಂಕಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಆ ನೋಟವನ್ನು ಲೆಸ್ಟರನಿಗೆ ತಡೆಯಲಾಗಲಿಲ್ಲ.

“ಇಲ್ಲ ಬಾಯಿ. ಸೋರಿದ್ದು ನಾನು ಬಿಚ್ಚಿದ ಜಾಗದಲ್ಲೇ. ಪೆಟ್ಟಿಗೆ ಸರಿಯೇ ಹೇಳಿತ್ತು, ಯಂಕಪ್ಪನೂ ಹೇಳಿದ್ರು. ಸುಳ್ಳು ಅಂತ ಬಸ್ಸು ಹೊರಡಿಸಿದ್ದು ನಾನು.”

ಬಾಯಿಯವರ ಹುಬ್ಬು ಮೇಲೇರಿತು. ಅಷ್ಟರಲ್ಲಿ ಕಾನ್ಸೆಪ್ಟಾ ಆಂಟಿ ಅವನ ಭುಜ ತಟ್ಟಿದರು.

“ಬೈಬೇಡಿ ಬಾಯಿ. ತಪ್ಪಾದ್ರೆ ತಪ್ಪು ಅಂತ ಬಾಯಿಬಿಟ್ಟು ಹೇಳುವವರು ಈಗ ಎಲ್ಲಿದ್ದಾರೆ? ಮಿಷನ್ ನಮಗೆ ಅರ್ಥ ಆಗುದಿಲ್ಲ. ಇವನು ಬಸ್ಸಲ್ಲಿದ್ರೆ ಮಾತ್ರ ನಾವು ಹತ್ತುವುದು.”

“ಹೌದು, ಹೌದು” ಎಂದಿತು ಗುಂಪು.

ಪ್ಯಾಟ್ರಿಶಿಯಾ ಬಾಯಿ ಲೆಸ್ಟರನತ್ತ ತಿರುಗಿದರು. “ಸರಿ. ಇವತ್ತಿನಿಂದ ಒಂದು ತಿಂಗಳು, ಎಲ್ಲ ಟ್ರಿಪ್ಪಿಗೂ ನೀನು ಬಸ್ಸಲ್ಲೇ ಇರ್ಬೇಕು.”

ವಾಷರ್ ಹಾಕಿ ಬಸ್ಸು ಹೊರಡುವಾಗ ಮಧ್ಯಾಹ್ನ. ಕಾಪುವಿನಲ್ಲಿ ಲೆಸ್ಟರನ ಅಂಗಡಿಯ ಬಾಗಿಲು ಹಾಕಿರುವುದನ್ನು ಕಂಡ ಗಿರಾಕಿಯೊಬ್ಬ ಫೋನು ಮಾಡಿದ.

“ಲೆಸ್ಟರ್, ಎಲ್ಲಿದ್ದಿ ಮಾರಾಯ? ಯಾವಾಗ ಬರ್ತಿ?”

ಲೆಸ್ಟರ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು: “ಮುಂದೆ ಇಳಿಜಾರು ಬಂತು ಲೆಸ್ಟರ್, ಗಾಳಿ ಉಂಟಾ ನೋಡು!”