ಜೀಪಿನ ಟಾಪು ಮೊದಲು ಕೊಯ್ದವರು ಯಾರು?

ಒಂದು ಕೆಲಸ ಕೆಟ್ಟರೆ ಅದನ್ನು ಮಾಡಿದವನು ನಮ್ಮ ಸೀಮೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅದೇ ಕೆಲಸವನ್ನು ನಾಲ್ಕು ಜನ ಹೊಗಳಿದರೆನ್ನಿ, ಅದನ್ನು ಮೊದಲು ಮಾಡಿದ್ದು ನಮ್ಮಪ್ಪ ಎನ್ನುವವರು ಸಾಲುಗಟ್ಟಿ ನಿಲ್ಲುತ್ತಾರೆ. ಬಾಳ್ಳುಪೇಟೆಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಚರಿತ್ರೆ ಪಾಠ ಮಾಡಿದ ನನಗೆ ಈ ಮೊದಲಿಗರ ಸಂತಾನದ ಮೇಲೆ ಮೊದಲಿನಿಂದಲೂ ತಾತ್ಸಾರ. ಚಕ್ರವನ್ನು ಮೊದಲು ಉರುಳಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಮಕ್ಕಳು ಯಾರೂ ಬಂದು ಜಗಳ ತೆಗೆದಿಲ್ಲ. ಆ ಚಕ್ರದ ಮೇಲೆ ಕೂತು ಓಡಾಡುವ ನಮ್ಮ ತಾಲ್ಲೂಕಿನ ಜೀಪಿನ ಶೋಕಿದಾರರಿಗೆ ಮಾತ್ರ ಅಷ್ಟು ದೊಡ್ಡ ಮನಸ್ಸಿಲ್ಲ.

ಇಷ್ಟು ಕಹಿಯಾಗಿ ಮಾತಾಡಲು ಕಾರಣ ನನ್ನ ಹೆಂಡತಿಯ ತಮ್ಮ ಪರಮೇಶ. ಹೆತ್ತೂರಿನ ಹತ್ತಿರ ಅವನದೊಂದು ಸಣ್ಣ ಕಾಫಿ ತೋಟ, ಆ ತೋಟಕ್ಕಿಂತ ದೊಡ್ಡದೊಂದು ಜೀಪು. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಕಡೆ ಹಳೆಯ ಜೀಪಿಗೆ ಏನೇನೋ ಮಾಡಿಸುವ ಕಾಯಿಲೆ ಹಬ್ಬಿತ್ತು. ಪರಮೇಶನ ಜೀಪಿಗೆ ಟ್ರ್ಯಾಕ್ಟರಿನದೋ ಏನೋ ಎನ್ನುವಂಥ ಟೈರು. ಬೆಳಿಗ್ಗೆ ಹತ್ತು ಗಂಟೆಗೆ ಸೊಸೈಟಿಗೆ ಗೊಬ್ಬರ ತರಲು ಹೋಗುವ ಗಾಡಿಯ ಮುಂದೆ ಆರು ದೊಡ್ಡ ಲೈಟು. ಬಾನೆಟ್ಟಿನ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ. ಅದನ್ನು ಬರೆದವನು ಕೋಳಿಯನ್ನು ಬಿಟ್ಟು ಬೇರೆ ಹಕ್ಕಿ ನೋಡಿರಲಿಲ್ಲ. ಸೈಲೆನ್ಸರಿನ ಸದ್ದಿಗೆ ಎದುರು ಮನೆಯ ಎಮ್ಮೆ ಹಾಲು ಇಳಿಸುವುದನ್ನೇ ನಿಲ್ಲಿಸಿತ್ತು. ನಮ್ಮತ್ತೆ ಗಂಗಮ್ಮನವರು ಅದನ್ನು ಹತ್ತಲು ಒಂದು ಸ್ಟೂಲು ಇಟ್ಟುಕೊಂಡಿದ್ದರು. ಹೋದ ಊರಿನಲ್ಲಿ ಇಳಿಯುವುದಕ್ಕೂ ಬೇಕಲ್ಲ ಎಂದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ನೆಂಟರ ಮನೆಗೆ ಹೋಗುತ್ತಿದ್ದರು. ಎಲ್ಲಕ್ಕಿಂತ ಮೇಲೆ, ಅಂದರೆ ಎಲ್ಲಕ್ಕಿಂತ ಮೇಲೆ ಇರಬೇಕಾದ ಟಾಪೇ ಆ ಜೀಪಿಗಿರಲಿಲ್ಲ. ಅದನ್ನು ನಮ್ಮ ಮಾವನ ಕಾಲದಲ್ಲೇ ಕೊಯ್ದು ತೆಗೆದಿದ್ದರು. ಹಾಗೆ ಕೊಯ್ದಿದ್ದೇ ಆ ಮನೆಯ ಹೆಮ್ಮೆ.

ಜಗಳ ಹುಟ್ಟಿದ್ದು ದೋಣಿಗಲ್ಲಿನ ಗ್ಯಾರೇಜಿನಲ್ಲಿ. ಗ್ಯಾರೇಜಿನ ಯಜಮಾನ ಸಿದ್ದೇಶ, ಪರಮೇಶನ ಜೊತೆ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಅವತ್ತು ಭಾನುವಾರ. ಸಿದ್ದೇಶ ಜೀಪಿನ ಗೇರ್ ಬಾಕ್ಸ್ ಇಳಿಸಿ ಗೋಣಿಚೀಲದ ಮೇಲೆ ಬಿಚ್ಚಿ ಹರಡಿದ್ದ. ಸಕಲೇಶಪುರಕ್ಕೆ ಹೋಗಿದ್ದ ನಾನು ಪರಮೇಶನ ಜೊತೆ ಊಟಕ್ಕೆ ಹೆತ್ತೂರಿಗೆ ಹೋಗಬಹುದೆಂಬ ಆಸೆಯಿಂದ ಅಲ್ಲಿ ಕೂತಿದ್ದೆ. ಪರಮೇಶ ಹಾಸನದ ರದ್ದಿ ಅಂಗಡಿಯಿಂದ ತಂದಿದ್ದ ಇಂಗ್ಲಿಷ್ ಮೋಟಾರು ಪತ್ರಿಕೆಯೊಂದನ್ನು ನನ್ನ ಮುಂದೆ ಹಿಡಿದ.

"ನೋಡಿ ಭಾವ, ಅಮೆರಿಕದಲ್ಲಿ ಇದ್ಕೆ ಹಾಟ್ ರಾಡ್ ಅಂತಾರಂತೆ. ಹಳೇ ಕಾರಿನ ಟಾಪ್ ಕುಯ್ದು, ದೊಡ್ಡ ಇಂಜಿನ್ ಕೂರ್ಸಿ ಓಡ್ಸೋದು."

"ಹಾಟ್ ರಾಡ್ ಅಂದರೆ ಕಾಯಿಸಿದ ಸರಳು. ದನಕ್ಕೆ ಬರೆ ಎಳೆಯೋಕೆ ಇಟ್ಟುಕೊಳ್ತಾರೆ" ಎಂದೆ.

"ತಮಾಸೆ ಬ್ಯಾಡಿ. ಅಲ್ಲಿ ಯಾರು ಮೊದ್ಲು ಮಾಡುದ್ರು ಅಂತ ಇವತ್ಗೂ ಕಿತ್ತಾಡ್ತಾರಂತೆ. ನಮ್ಮ ತಾಲೂಕಲ್ಲಿ ಆ ಗಲಾಟೆ ಇಲ್ಲ. ಮೊದ್ಲು ಮಾಡಿದ್ದು ನಮ್ಮಪ್ಪ."

ಜೀಪಿನ ಅಡಿಯಿಂದ ಮೊದಲು ಸಿದ್ದೇಶನ ಕಾಲು, ಆಮೇಲೆ ಹೊಟ್ಟೆ, ಕೊನೆಗೆ ಮುಖ ಹೊರಗೆ ಬಂತು. "ಯಾರು, ರುದ್ರಪ್ಪೋರಾ? ಗರಗಸ ಹಿಡ್ದು ಕುಯ್ದಿದ್ದು ಯಾರು ಮಾರಾಯ? ನಮ್ಮಪ್ಪ ಬಸಣ್ಣ. ನಿಮ್ಮಪ್ಪಂಗೆ ಸ್ಪ್ಯಾನರ್ ಯಾವ್ದು, ಇಕ್ಕಳ ಯಾವ್ದು ಅಂತ ಗೊತ್ತಿತ್ತಾ?"

"ಹೇಳಿದ್ದು ನಮ್ಮಪ್ಪ ಕಣೋ. ಹೇಳ್ದೆ ಇದ್ರೆ ನಿಮ್ಮಪ್ಪ ಕುಯ್ತಿದ್ರಾ? ಕೂಲಿಗೆ ಬಂದೋರು!"

ಆ ಕೊನೆಯ ಮಾತು ಆಡಬಾರದಿತ್ತು. ಸಿದ್ದೇಶ ಕೈ ಒರೆಸಿಕೊಂಡು ಎದ್ದ. "ಹಂಗಾದ್ರೆ ಈ ಗೇರ್ ಬಾಕ್ಸ್‌ನೂ ಅಮೆರಿಕಕ್ಕೆ ತಗಂಡೋಗಿ ಕೂರುಸ್ಕೋ" ಎಂದವನೇ ಗ್ಯಾರೇಜಿನ ಬಾಗಿಲು ಎಳೆದು ಹೊರಟುಬಿಟ್ಟ. ನಾವು ಬಸ್ಸಿಗೆ ಕಾದು, ನಿಂತುಕೊಂಡು ಹೆತ್ತೂರು ಸೇರುವಷ್ಟರಲ್ಲಿ ಊಟ ಆರಿತ್ತು.

ಕಾಫಿ ಹಣ್ಣು ಕೊಯ್ಯುವ ಕಾಲ ಅದು. ಜೀಪು ಕರುಳು ಬಿಚ್ಚಿಕೊಂಡು ದೋಣಿಗಲ್ಲಿನಲ್ಲಿ ಬಿದ್ದಿತ್ತು. ಬೇರೆ ಇಬ್ಬರು ಮೆಕ್ಯಾನಿಕ್‌ಗಳು ಬಂದು ನೋಡಿ, ಇದರೊಳಗೆ ಯಾವ ಗಾಡಿಯ ಸಾಮಾನು ಎಲ್ಲಿದೆಯೋ ಕೂರಿಸಿದವನಿಗೇ ಗೊತ್ತು ಎಂದು ಕೈಮುಗಿದು ಹೋದರು. ಪರಮೇಶ ಆಳುಗಳಿಗೂ ಮೂಟೆಗಳಿಗೂ ಪಕ್ಕದ ಎಸ್ಟೇಟಿನ ಟ್ರ್ಯಾಕ್ಟರಿಗಾಗಿ ದಿನಾ ಹಲ್ಲು ಕಿರಿಯಬೇಕಾಯಿತು. ಸಿದ್ದೇಶನಾದರೂ ಸುಖವಾಗಿರಲಿಲ್ಲ. ಗ್ಯಾರೇಜಿಗೆ ಬಂದ ಗಿರಾಕಿಗಳಿಗೆಲ್ಲ ‘ಕೂಲಿಗೆ ಬಂದೋರು’ ಎಂಬ ಮಾತನ್ನು ಹೇಳಿ ಹೇಳಿ ಕಣ್ಣು ತುಂಬಿಕೊಳ್ಳುತ್ತಿದ್ದನಂತೆ. ಹದಿನೈದು ದಿನವಾದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿ ಕಳಿಸಿದರು: ಚರಿತ್ರೆ ಮೇಷ್ಟ್ರು ಇದ್ದಾರಲ್ಲ, ಅವರೇ ಹೇಳಲಿ.

ಒಳಗೊಳಗೇ ನಾನು ಹಿಗ್ಗಿದೆ. ಮೇಲೆ ಮಾತ್ರ, "ಇಂಥ ಕ್ಷುಲ್ಲಕ ವಿಷಯಕ್ಕೆ ನನ್ನಂಥವನು..." ಎಂದು ರಾಗ ಎಳೆದೆ. ನನ್ನ ಹೆಂಡತಿ ಶಾರದ, "ನಮ್ಮಪ್ಪನ ವಿರುದ್ಧ ತೀರ್ಪು ಕೊಟ್ಟು ಬನ್ನಿ, ಮನೇಲಿ ಅಡಿಗೆಗೆ ಮೊದಲು ಒಲೆ ಹಚ್ಚಿದವರು ಯಾರು ಅನ್ನೋ ಚರಿತ್ರೇನೂ ನೀವೇ ಬರೀಬೇಕಾಗುತ್ತೆ" ಎಂದಳು. ಸತ್ಯಕ್ಕೆ ನಮ್ಮ ಮನೆ, ಮಾವನ ಮನೆ ಎಂಬುದಿಲ್ಲ ಎಂದು ಅವಳಿಗೆ ಗಂಭೀರವಾಗಿ ತಿಳಿಸಿ, ಹೊಸದೊಂದು ನೋಟ್‌ಬುಕ್ ಕೊಂಡೆ. ನಾಲ್ಕು ಭಾನುವಾರ ಊರೂರು ತಿರುಗಿದೆ. ಸಿಕ್ಕ ಸಾಕ್ಷ್ಯಗಳನ್ನು ನೋಡಿ ನನಗೆ ಮನುಷ್ಯ ಜಾತಿಯ ಮೇಲೇ ಬೇಸರ ಹುಟ್ಟಿತು. ಒಬ್ಬ, ಜೀಪಿಗೆ ಲಾರಿ ಹಾರ್ನ್ ಕಟ್ಟಿದ್ದು ತನ್ನ ಚಿಕ್ಕಪ್ಪನೇ, ಅದನ್ನೂ ಬರೆದುಕೊಳ್ಳಿ ಎಂದ. ಇನ್ನೊಬ್ಬ, ತಮ್ಮ ತಾತ ಎತ್ತಿನ ಗಾಡಿಗೇ ರಬ್ಬರ್ ಟೈರು ಹಾಕಿಸಿದ್ದರಿಂದ ಅಸಲು ಪಿತಾಮಹ ಅವರೇ ಎಂದು ಪಟ್ಟು ಹಿಡಿದ. ಕಾಫಿ ಕೊಟ್ಟವರ ಮಾತನ್ನು ನಾನು ಸ್ವಲ್ಪ ದುಂಡಗೆ ಬರೆದುಕೊಂಡೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಅತ್ತೆಯ ಹತ್ತಿರ ಹೋದೆ. ಮಾವ ರುದ್ರಪ್ಪನವರು ತೀರಿಕೊಂಡು ಆಗಲೇ ಆರೇಳು ವರ್ಷ. ಬಸಣ್ಣ ಅವರಿಗೂ ಮೊದಲೇ ಹೋಗಿದ್ದ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಮುಂದೆ ನೋಟ್‌ಬುಕ್ ಬಿಚ್ಚಿ, ಟಾಪು ಕೊಯ್ಯುವ ಆಲೋಚನೆ ಮೊದಲು ಯಾರಿಗೆ ಬಂತು ಎಂದು ಕೇಳಿದೆ. ಅವರು ಸುತ್ತ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಆಲೋಚ್ನೆ ಎಲ್ಲಿ ಬಂತು ಅಳಿಯಂದ್ರೇ! ಆಗಿನ್ನೂ ನಿಮ್ಮಾವ ಗಾಡಿ ಕಲೀತಿದ್ರು. ಬ್ರೇಕ್ ಅಂತ ಇನ್ನೊಂದ್ನ ತುಳ್ದು ಸೀದಾ ಕಾಫಿ ಸ್ಟೋರೊಳಕ್ಕೆ ನುಗ್ಸಿಬುಟ್ರು. ಸ್ಟೋರಿನ ಬಾಗ್ಲು ಗಿಡ್ಡ. ಇವ್ರು ಬಗ್ಗುದ್ರು, ಜೀಪು ಬಗ್ಲಿಲ್ಲ. ಟಾಪು ಹಪ್ಪಳ ಆಗೋಯ್ತು."

"ಆಮೇಲೆ?"

"ಆಮೇಲಿನ್ನೇನು, ಯಾರಿಗೂ ಗೊತ್ತಾಗ್ದಂಗೆ ಬಸಣ್ಣನ್ನ ಕರೆಸುದ್ರು. ಅವ್ನು ಕುಯ್ದು ತೆಗ್ದ. ಮಾರ್ನೆ ದಿನ ಸಂತೆಗೆ ಹೋಗಿ, ಗಾಳಿ ಬರ್ಲಿ ಅಂತ ತೆಗಿಸ್ದೆ ಕಣ್ರೋ ಅಂದ್ರು. ನೋಡ್ದೋರೆಲ್ಲ ನಮ್ಗೂ ಕುಯ್ದುಕೊಡು ಅಂತ ಬಸಣ್ಣನ ಹಿಂದೆ ಬಿದ್ರು. ಪಾಪ, ಸಾಯೋವರ್ಗೂ ಆ ಮನ್ಸ ಬಾಯಿ ಬುಡ್ಲಿಲ್ಲ. ಹೆತ್ತ ಮಗಂಗೂ ಹೇಳ್ಲಿಲ್ಲ." ನಗು ನಿಂತಿತು. ಅತ್ತೆ ಕಣ್ಣೊರೆಸಿಕೊಂಡು, "ನೀವೂ ಹೇಳ್ಬ್ಯಾಡಿ. ಅವ್ರು ನಗೆಪಾಟ್ಲು ಆಗೋದು ಬ್ಯಾಡ" ಎಂದರು.

ಹೀಗೆ ಇಡೀ ತಾಲ್ಲೂಕಿನ ಶೋಕಿಗೆ ಮೂಲಪುರುಷ ಯಾರೆಂದು ನನಗೆ ತಿಳಿಯಿತು: ಒಂದು ಗಿಡ್ಡ ಬಾಗಿಲು. ನೂರಾರು ಜನ ಟಾಪು ಕೊಯ್ಯಿಸಿಕೊಂಡು ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಒಣಗಿ ಮೆರೆದದ್ದು ನಮ್ಮ ಮಾವ ಬ್ರೇಕಿನ ಬದಲು ಇನ್ನೊಂದನ್ನು ತುಳಿದದ್ದರಿಂದ. ಇಂಥ ಸತ್ಯ ಚರಿತ್ರೆಕಾರನ ಕೈಗೆ ಜನ್ಮಕ್ಕೊಂದು ಸಲ ಸಿಗುವುದೂ ಕಷ್ಟ. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನು ಹೇಗೆ ಹೇಳಿದರೆ ಎಷ್ಟು ಜನ ನಗುತ್ತಾರೆ ಎಂದು ಲೆಕ್ಕ ಹಾಕುತ್ತಲೇ ಇದ್ದೆ.

ಮುಂದಿನ ಭಾನುವಾರ ಗ್ಯಾರೇಜಿನಲ್ಲಿ ಇಪ್ಪತ್ತು ಜನ ಸೇರಿದ್ದರು. ಪರಮೇಶ ಒಂದು ಮೂಲೆ, ಸಿದ್ದೇಶ ಇನ್ನೊಂದು ಮೂಲೆ. ನಡುವೆ ಕಳಚಿದ ಗೇರ್ ಬಾಕ್ಸ್. ನಾನು ಎದ್ದು ನಿಂತು ನೋಟ್‌ಬುಕ್ ಬಿಚ್ಚಿದೆ. ಸಿದ್ದೇಶ ಗೋಡೆಯಲ್ಲಿದ್ದ ಅಪ್ಪನ ಫೋಟೋವನ್ನು ಅವತ್ತು ಒರೆಸಿಟ್ಟಿದ್ದ. ಒಬ್ಬರ ಮಾನ ಉಳಿಸಲು ಬಾಯಿ ಹೊಲಿದುಕೊಂಡು ಸತ್ತ ಆ ಮನುಷ್ಯ ನನ್ನನ್ನೇ ನೋಡುತ್ತಿದ್ದ. ಸಾಕ್ಷ್ಯ, ಆಧಾರ ಎಂದು ಮಕ್ಕಳ ತಲೆ ತಿನ್ನುತ್ತಿದ್ದ ನನ್ನ ಬಾಯಿಂದ ಆಗ ಹೊರಟ ಸುಳ್ಳು ನನಗೇ ಬೆರಗು ಹುಟ್ಟಿಸಿತು.

ರುದ್ರಪ್ಪನವರು ಸ್ಟೋರಿನ ಗೋಡೆಯ ಮೇಲೆ ಇದ್ದಲಿನಲ್ಲಿ ಜೀಪಿನ ನಕ್ಷೆ ಬರೆದರಂತೆ. ಬಸಣ್ಣ ಅದನ್ನು ನೋಡಿ, ಹೀಗಲ್ಲ ಹೀಗೆ ಎಂದು ತಿದ್ದಿದನಂತೆ. ಇಬ್ಬರೂ ಮೂರು ದಿನ ಅನ್ನ ನೀರಿನ ಮೇಲೆ ಗಮನವಿಲ್ಲದೆ ಗರಗಸದ ಎರಡು ತುದಿ ಹಿಡಿದು ಕೊಯ್ದರಂತೆ. "ಆದ್ದರಿಂದ ಮೊದಲು ಮಾಡಿದವರು ಒಬ್ಬರಲ್ಲ, ಇಬ್ಬರು. ಕೂಲಿಗೆ ಬಂದವರು ಯಾರೂ ಇರಲಿಲ್ಲ" ಎಂದು ಮುಗಿಸಿದೆ. ತಗಡು ಕೊಯ್ಯುವ ಗರಗಸಕ್ಕೆ ಇರುವುದು ಒಂದೇ ಹಿಡಿ ಎಂಬುದು ಅಲ್ಲಿದ್ದ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿತ್ತು. ಆದರೂ ಎಲ್ಲರೂ ತಲೆದೂಗಿದರು.

ಪರಮೇಶ ನೆಲ ನೋಡುತ್ತ, "ತಪ್ಪಾಯ್ತು ಕಣೋ, ಅವತ್ತು ಆ ಮಾತು ಬಂದ್ಬುಡ್ತು" ಎಂದ. ಸಿದ್ದೇಶ ಜೀಪಿನ ಅಡಿಗೆ ನುಸುಳಿ, "ಆ ಹದಿನಾಲ್ಕರ ಸ್ಪ್ಯಾನರ್ ಇತ್ಲಾಗೆ ಕೊಡು" ಎಂದ. ಸಂಜೆಯೊಳಗೆ ಗಾಡಿ ಎದ್ದು ನಿಂತಿತು. ಅವತ್ತು ಶಾರದ ಹಬ್ಬದ ಅಡಿಗೆ ಮಾಡಿದ್ದಳು.

ಮೂರ್ನಾಲ್ಕು ವರ್ಷ ಕಳೆದಿರಬಹುದು. ಸಕಲೇಶಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಟಾಪಿಲ್ಲದ ಜೀಪೊಂದು ಕಿರುಚುತ್ತ ನಮ್ಮನ್ನು ಹಿಂದೆ ಹಾಕಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನ ಕಡೆ ತಿರುಗಿ, "ಇದ್ನ ಮೊದ್ಲು ಮಾಡಿದ್ದು ಹೆತ್ತೂರು ಕಡೆ ಇಬ್ರು ಕಣ್ರೀ. ಗೋಡೆ ಮೇಲೆ ಇದ್ಲಲ್ಲಿ ನಕ್ಷೆ ಬರ್ದು, ಏಳು ದಿನ ಕುಯ್ದ್ರಂತೆ. ಮೈಸೂರಿಂದ ಒಬ್ರು ಪ್ರೊಫೆಸರ್ ಬಂದು ಎಲ್ಲಾ ಕಂಡುಹಿಡ್ದವ್ರೆ" ಎಂದರು.

ನನಗೆ ಮೈ ಉರಿದುಹೋಯಿತು. "ಪ್ರೊಫೆಸರೂ ಅಲ್ಲ, ಮೈಸೂರೂ ಅಲ್ಲ. ಅದನ್ನು ಮೊದಲು ಹೇಳಿದ್ದು ನಾನು" ಎಂದೆ.

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹಂಗಂತ ನನ್ತಾವ ಹೇಳ್ದೋರಲ್ಲಿ ನೀವು ಮೂರ್ನೇರು" ಎಂದರು.

ನಾನು ಇಳಿಯಬೇಕಾದ ಬಾಳ್ಳುಪೇಟೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಆ ಇನ್ನಿಬ್ಬರು ಯಾರು, ಅವರ ಹತ್ತಿರ ಏನು ಆಧಾರವಿದೆ ಎಂದು ಹಾಸನದವರೆಗೂ ಅವರನ್ನು ಕೇಳುತ್ತಲೇ ಇದ್ದೆ.