ಸಣ್ಣಜ್ಜಿಯ ಬಾಯಾರಿಕೆ

ನಮ್ಮ ಸಣ್ಣಜ್ಜಿಯಷ್ಟು ಬಾಯಾರುವ ಮನುಷ್ಯರು ಸಾಲಿಗ್ರಾಮದಲ್ಲಿ ಇನ್ನೊಬ್ಬರಿರಲಿಲ್ಲ. ಆಷಾಢದ ಮಳೆಯಲ್ಲಿ ಅಂಗಳವೆಲ್ಲ ಕೆರೆಯಾಗಿದ್ದಾಗಲೂ ಅವಳಿಗೆ ಬಾಯಾರುತ್ತಿತ್ತು. ಅದೂ ಎಂಥ ಬಾಯಾರಿಕೆ? ಸ್ವಂತ ಮನೆಯಲ್ಲಿ ಸುಮ್ಮನಿದ್ದು, ಇನ್ನೊಬ್ಬರ ಜಗಲಿ ಕಂಡ ಕೂಡಲೇ ಏಳುವಂಥದ್ದು!

ಸಣ್ಣಜ್ಜಿ ಎಂದರೆ ನನ್ನ ಅಜ್ಜಯ್ಯನ ಕಡೇ ತಂಗಿ. ನಮ್ಮೊಡನೆಯೇ ಇದ್ದಳು. ಹೆಸರಷ್ಟೇ ಸಣ್ಣದು, ಸ್ವರ ಮಾತ್ರ ಹೆದ್ದಾರಿಯ ಆಚೆಗೂ ಕೇಳುತ್ತಿತ್ತು. ಬೆಳಿಗ್ಗೆ ಗಂಜಿ ಉಂಡು ಕೊಡೆ ಹಿಡಿದು ಹೊರಟಳೆಂದರೆ ಯಾವುದಾದರೊಂದು ಮನೆಯ ಜಗಲಿಯಲ್ಲಿ ಕೂತು, "ಹ್ವಾಯ್, ಆಸ್ರಿಗೆ ಇತ್ತಾ?" ಎಂದು ಕೂಗುವಳು. ಆಸ್ರು ಎಂದರೆ ನಮ್ಮಲ್ಲಿ ಬಾಯಾರಿಕೆ. ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಟ್ಟು ಆಮೇಲೆ ಮಾತು. ಇದು ನಮ್ಮ ಕಡೆಯ ಪದ್ಧತಿ. ಕೇಳುವ ಮೊದಲೇ ಕೊಡುವುದು ಎಲ್ಲರ ಪದ್ಧತಿ, ಕೊಡುವ ಮೊದಲೇ ಕೇಳುವುದು ಸಣ್ಣಜ್ಜಿಯ ಪದ್ಧತಿ.

ಇದರಿಂದ ಮಾನ ಹೋಗುತ್ತಿದ್ದದ್ದು ನನ್ನ ಅಪ್ಪಯ್ಯನದು. ಯಾಕೆಂದರೆ ಅವರದು ಪೇಟೆಯಲ್ಲಿ ಜಿನಸಿ ಅಂಗಡಿ. ಬಾಗಿಲಲ್ಲೇ ಬೆಲ್ಲದ ರಾಶಿ.

"ಅಂಗ್ಡಿ ತುಂಬ ಬೆಲ್ಲ ಇತ್ತ್. ನೀವ್ ಊರೆಲ್ಲ ತಿರ್ಗಿ ಬೆಲ್ಲ ತಿಂಬುದ್ ಎಂತಕ್ಕೆ ಅತ್ತೆ?"

"ನಿನ್ನಂಗ್ಡಿ ಬೆಲ್ಲ ತಿಂದ್ರೆ ಆಸ್ರ್ ಹೋತಿಲ್ಲೆ ಮಾರಾಯ, ಜಾಸ್ತಿ ಆತ್ತ್."

ಮಧ್ಯಾಹ್ನ ಮರಳಿ ಬಂದು ವರದಿ ಒಪ್ಪಿಸುವಳು. ಯಾರ ಮನೆಯ ಬಾವಿ ನೀರಿಗೆ ಪಾಚಿಯ ವಾಸನೆ, ಯಾರ ಮನೆಯ ಬೆಲ್ಲ ಉಪ್ಪುಪ್ಪು, ಯಾರ ಮನೆಯಲ್ಲಿ ಲೋಟ ತೊಳೆಯದೆ ಕೊಡುತ್ತಾರೆ. ಬೈಯುತ್ತಿದ್ದ ಅಪ್ಪಯ್ಯ ಈ ಹೊತ್ತಿಗೆ ಮಾತ್ರ ಕಿವಿ ನಿಮಿರಿಸಿ ಕೂರುತ್ತಿದ್ದರು. ಬೆಲ್ಲದ ರುಚಿಯಿಂದಲೇ ಯಾವ ಗಿರಾಕಿ ಎದುರಿನ ಅಂಗಡಿಗೆ ಹೋಗಿದ್ದಾನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ಆಗ ನಾನು ಸಮಾಜಕಾರ್ಯದ ಎಂ.ಎ. ಓದುತ್ತಿದ್ದೆ. ಹೆದ್ದಾರಿ ಇನ್ನೂ ಅಗಲವಾಗಿರದ ಕಾಲ. ಹಿರಿಯರಿಗೆ ಹಿತವಾದ ಊರು ಹೇಗಿರಬೇಕು ಎಂಬ ಪಾಠ ನಡೆಯುತ್ತಿತ್ತು. ಬಸ್ಸಿನ ಮೆಟ್ಟಿಲು ಕಾಲಿಗೆ ಎಟಕುತ್ತದೆಯೇ, ದಾರಿಯಲ್ಲಿ ಕೂರಲು ಜಾಗವಿದೆಯೇ, ಅವರೊಡನೆ ಮಾತಾಡುವವರಿದ್ದಾರೆಯೇ, ನಿಮ್ಮ ನಿಮ್ಮ ಊರಲ್ಲೇ ನೋಡಿ ಬನ್ನಿ ಎಂದರು ನಮ್ಮ ಮೇಷ್ಟ್ರು. ಊರನ್ನೇ ಉದ್ಧಾರ ಮಾಡುವ ಹುಮ್ಮಸ್ಸಿನಲ್ಲಿ ಬಂದ ನಾನು ಮನೆಯಿಂದಲೇ ಶುರು ಮಾಡಿದೆ.

"ಸಣ್ಣಜ್ಜಿ, ನಿಂಗೆ ಒಂಟಿ ಅಂದೇಳಿ ಅನ್ಸುದಿತ್ತಾ?"

"ಅದಕ್ಕೆಲ್ಲ ಪುರ್ಸೊತ್ ಎಲ್ಲಿತ್ತ್ ಹೆಣ್ಣೇ? ಇವತ್ ಪಾರಂಪಳ್ಳಿ ಬದಿಗ್ ಹೋಯ್ಕ್."

"ದಿನಕ್ಕೆ ಎಷ್ಟ್ ನೀರ್ ಕುಡಿತಿ?"

"ಅದನ್ ಊರಿನವ್ರತ್ರ ಕೇಣ್."

ಬಸ್ಸಿನ ಮೆಟ್ಟಿಲಿನ ಸಮಸ್ಯೆಯನ್ನೂ ಅವಳು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಳು. ಬಾಗಿಲ ಸರಳು ಹಿಡಿದು ನೆಲದ ಮೇಲೇ ನಿಂತು, "ನಿನ್ನಬ್ಬಿ ಸೊಂಟ ನೋವು ಹೇಂಗಿತ್ತ್?" ಎಂದು ಕಂಡಕ್ಟರನ ಹತ್ತಿರ ಪಟ್ಟಾಂಗ ತೆಗೆಯುವಳು. ಅವನು ಇಳಿದು ಬಂದು ಕೈಕೊಟ್ಟು ಹತ್ತಿಸುವವರೆಗೂ ಅವನ ತಾಯಿಯ ಸೊಂಟ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕೂತವರೆಲ್ಲ ಗಡಿಯಾರ ನೋಡಿಕೊಳ್ಳಬೇಕು.

ಒಂದು ದಿನ ಅವಳ ಜೊತೆ ಹಿಂದಿನ ಓಣಿಯ ಟೀಚರ ಮನೆಗೆ ಹೋದೆ. ಎರಡನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಿದವರು. ಗಂಡ ತೀರಿಕೊಂಡ ಮೇಲೆ ಮಲಗಿದವರು ಏಳುವುದನ್ನೇ ಬಿಟ್ಟಿದ್ದರು. ಕಾಲಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರೂ ಊಟ, ಕಾಫಿ ಎಲ್ಲ ಮಂಚಕ್ಕೇ. ಸಣ್ಣಜ್ಜಿ ಜಗಲಿಯಲ್ಲಿ ಕೂತು ಕೂಗಿದಳು. ಸೊಸೆ ಬೆಲ್ಲ ನೀರು ತಂದಿಟ್ಟಳು. ಇವಳು ಮುಟ್ಟಲಿಲ್ಲ.

"ನಾನ್ ಬಂದದ್ ನಿನ್ನತ್ತೆ ಹತ್ರ. ಅವ್ಳೇ ತರ್ಲಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಿರಿಯರನ್ನು ಒತ್ತಾಯಿಸಬಾರದು ಎಂಬುದು ನಮಗೆ ಹೇಳಿಕೊಟ್ಟ ಮೊದಲ ಮಾತು.

ಒಳಗಿನಿಂದ ಟೀಚರ ಸ್ವರ ಬಂತು. "ನಂಗ್ ಏಳುಕೆ ಆತಿಲ್ಲೆ."

"ಅಡ್ಡಿಲ್ಲೆ. ನಾನ್ ಕಾಯ್ತೆ."

ಅವತ್ತು ಬಾಯಾರಿದ ಹಾಗೇ ಎದ್ದು ಬಂದಳು. ಮರುದಿನವೂ ಅಷ್ಟೇ. ಬಂದವರು ಆಸ್ರಿಗೆ ಕುಡಿಯದೆ ಹೋದರೆಂದರೆ ಮನೆಗೆಷ್ಟು ಅವಮಾನ! ಆ ವಾರ ಮುಗಿಯುವುದರೊಳಗೆ ಟೀಚರು ಗೋಡೆ ಹಿಡಿದುಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಜಗಲಿಗೆ ಬಂದು ಲೋಟ ಕುಕ್ಕಿದರು.

"ತಕೋ. ಕುಡ್ದ್ ಹೋಗ್."

ಸಣ್ಣಜ್ಜಿ ಬೆಲ್ಲ ಕಡಿದು ನೋಡಿದಳು. "ಬೆಲ್ಲ ಕಲ್ಲಿನಾಂಗ್ ಇತ್ತಲೆ."

"ನಿನ್ನಳಿಯನ ಅಂಗ್ಡಿದೇ."

ಆಮೇಲೆ ಇಬ್ಬರೂ ಮಧ್ಯಾಹ್ನದವರೆಗೆ ಅಪ್ಪಯ್ಯನ ಅಂಗಡಿಯನ್ನು ಬೈದುಕೊಂಡು ಸುಖವಾಗಿ ಕೂತರು. ಮನೆಗೆ ಬರುವಾಗ ಕೇಳಿದೆ, "ಅವ್ರನ್ ಏಳ್ಸುಕೇ ಹಾಂಗ್ ಮಾಡಿದ್ದಾ?"

"ಎಂತದೇ ನಿಂದ್. ನಂಗ್ ಆಸ್ರ್ ಆಯ್ದಿತ್ತ್."

ಅಂಥ ಸಣ್ಣಜ್ಜಿ ಮುಂದಿನ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆಗೆ ಆಪರೇಷನ್ ಆಯಿತು. ಈಗಲೇ ನಡೆಯದಿದ್ದರೆ ಮತ್ತೆ ನಡೆಯುವ ಆಸೆ ಬಿಡಿ ಎಂದರು ಡಾಕ್ಟರು. ಆದರೆ ಬಿದ್ದ ಹೆದರಿಕೆ ಅವಳನ್ನು ಬಿಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಅಪ್ಪಯ್ಯ ಮಂಚದಿಂದ ಅಡುಗೆಮನೆಗೆ, ಅಲ್ಲಿಂದ ಜಗಲಿಯವರೆಗೆ ಹಿಡಿದು ನಡೆಯಲು ಗೋಡೆಗೆ ಪೈಪು ಹಾಕಿಸಿದರು, ಅಮ್ಮ ಗೋಗರೆದಳು, ನಾನು ಓದಿದ್ದೆಲ್ಲ ಹೇಳಿ ನೋಡಿದೆ. "ಎದ್ ಎಂತ ಮಾಡ್ಕ್? ಈಗ ಆಸ್ರೇ ಇಲ್ಲೆ" ಅಂದಳು. ಅವಳ ಬಾಯಲ್ಲಿ ಆ ಮಾತು! ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಅವಳಿಲ್ಲದ ದಾರಿಯನ್ನು ನನಗೆ ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗಳದಲ್ಲಿ ಕೋಲಿನ ಸದ್ದಾಯಿತು. ನೋಡಿದರೆ ಟೀಚರು! ಸೊಸೆಯ ಹೆಗಲು ಹಿಡಿದು ಓಣಿ ದಾಟಿ ಬಂದಿದ್ದರು. ಜಗಲಿಯಲ್ಲಿ ಕೂತು, ದಮ್ಮು ತೆಗೆದುಕೊಂಡು ಕೂಗಿದರು.

"ಹ್ವಾಯ್, ಆಸ್ರಿಗೆ ಇತ್ತಾ?"

ನಾನು ಓಡಿಹೋಗಿ ಬೆಲ್ಲ ನೀರು ತಂದೆ. ಅವರು ಎರಡನೇ ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆ ನನ್ನನ್ನು ನೋಡಿದರು.

"ನಿನ್ನತ್ರ ಕೇಂಡದ್ದಾ? ಕೂಕೋ."

ಕೂತೆ. ಈಗಲೂ ಕೂರದಿರಲು ಧೈರ್ಯ ಬೇಕಲ್ಲ?

"ನಂಗ್ ಏಳುಕೆ ಆತಿಲ್ಲೆ" ಎಂದಿತು ಒಳಗಿನ ಸ್ವರ.

"ಅಡ್ಡಿಲ್ಲೆ. ನಾನ್ ಕಾಯ್ತೆ."

ಅಪ್ಪಯ್ಯ ಅಂಗಡಿಗೆ ಹೊರಟವರು ಮೆಟ್ಟಿಲ ಮೇಲೇ ನಿಂತರು. ಟೀಚರು ಕೋಲಿನ ಮೇಲೆ ಗಲ್ಲವಿಟ್ಟುಕೊಂಡು ರಸ್ತೆ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಮಂಚ ಕಿರುಗುಟ್ಟಿತು. ಜಗಲಿಯಲ್ಲಿದ್ದ ನಾವು ಯಾರೂ ಒಳಗೆ ಹೋಗಲಿಲ್ಲ. ಪೈಪಿಗೆ ಬಳೆ ತಾಗಿದ ಸದ್ದು ಅಡುಗೆಮನೆಯವರೆಗೆ ಹೋಯಿತು, ನಿಂತಿತು. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು.

ಸಣ್ಣಜ್ಜಿ ಬಾಗಿಲಿಗೆ ಬಂದಳು. ಒಂದು ಕೈ ಪೈಪನ್ನು ಗಟ್ಟಿಯಾಗಿ ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಬೆಲ್ಲದ ತುಂಡು.

"ನೀರ್ ಹಿಡ್ಕಂಬುಕೆ ಕೈ ಇಲ್ಲೆ" ಅಂದಳು. "ಇವತ್ ಬೆಲ್ಲ ತಿನ್. ನೀರಿಗೆ ನಾಳೆ ಬಾ."

ಟೀಚರು ಬೆಲ್ಲ ಬಾಯಿಗೆ ಹಾಕಿಕೊಂಡು, ಕಣ್ಣೊರೆಸಿಕೊಳ್ಳದೆ, "ಬತ್ತೆ" ಅಂದರು.